ಗೊಂಬೆಗಳಿಗೊಂದು ಕೋಣೆ

ನವರಾತ್ರಿಯ ಪಾಡ್ಯಕ್ಕೆ ಮೂರು ದಿನ ಮುಂಚೆ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಕಟ್ಟಿದ ಮನೆ. ಹಜಾರ ಎಂದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಸೋಫಾ ರೂಮಿಗೆ ಹೋಗುತ್ತದೆ, ರೂಮಿನ ಮಂಚ ಗೋಡೆಗೆ ಒರಗುತ್ತದೆ, ಟಿ.ವಿ. ಅಡುಗೆಮನೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತದೆ. ಅಟ್ಟದಿಂದ ಮೂರು ಟ್ರಂಕುಗಳು ಇಳಿಯುತ್ತವೆ. ಹಳೆಯ ಪಂಚೆ, ಸೀರೆ ತುಂಡುಗಳಲ್ಲಿ ಸುತ್ತಿದ ನೂರಾ ಎಪ್ಪತ್ತಕ್ಕೂ ಹೆಚ್ಚು ಗೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಹತ್ತು ದಿನ ಕಳೆದ ಮೇಲೆ ಇದೇ ಕೆಲಸವನ್ನು ಹಿಂದುಮುಂದಾಗಿ ಮಾಡಬೇಕು.

ಎರಡು ವರ್ಷದ ಹಿಂದೆ ಅಪ್ಪ ಒಂದು ಮಾತು ತೆಗೆದರು. ಮೇಲಂತಸ್ತಿನಲ್ಲಿ ಬಾಡಿಗೆಗೆ ಕೊಟ್ಟಿದ್ದ ಒಂಟಿ ಕೋಣೆ ಖಾಲಿಯಾಗಿತ್ತು. ಅದನ್ನೇ ಗೊಂಬೆಗಳ ಕೋಣೆ ಮಾಡಿ, ಗಾಜಿನ ಬೀರು ಹಾಕಿಸಿ, ವರ್ಷವಿಡೀ ಅಲ್ಲೇ ಇಟ್ಟುಬಿಟ್ಟರೆ ಹೇಗೆ? ಅಮ್ಮ ಕೂಡಲೇ ಒಪ್ಪಿದರು. ಅಜ್ಜಿ ಮಾತ್ರ ಬತ್ತಿ ಹೊಸೆಯುತ್ತಲೇ ಕೇಳಿದರು: ‘ವರ್ಷವೆಲ್ಲ ನಿಂತಿದ್ದರೆ ಅವು ಹಬ್ಬಕ್ಕೆ ಬರೋದು ಎಲ್ಲಿಂದ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಗೊತ್ತಾದ ಕೆಲವು ಸಂಗತಿಗಳು ಇಲ್ಲಿವೆ. ಚಿಕ್ಕ ಚಿಕ್ಕ ವಸ್ತುಗಳನ್ನು ಕೂಡಿಟ್ಟು, ಮನೆಯ ಒಂದು ಭಾಗವನ್ನೇ ಅವುಗಳ ಪ್ರದರ್ಶನಕ್ಕೆ ಬಿಟ್ಟುಕೊಡುವ ಹವ್ಯಾಸ ಪರದೇಶದ ಶ್ರೀಮಂತರದು ಎಂದು ನಾವು ತಿಳಿಯುತ್ತೇವೆ. ಆದರೆ ಹಳೆಯ ಮೈಸೂರು ಸೀಮೆಯ ಎಷ್ಟೋ ಸಾಧಾರಣ ಮನೆಗಳು ಇದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಒಂದೇ ವ್ಯತ್ಯಾಸವೆಂದರೆ ನಮ್ಮ ಪ್ರದರ್ಶನಾಲಯಕ್ಕೆ ಒಂಬತ್ತು-ಹತ್ತು ದಿನದ ಆಯುಸ್ಸು.

ಗೊಂಬೆ ಕೂರಿಸುವ ಕ್ರಮ ಬಲ್ಲವರಿಗೆ ಹೊಸದೇನಲ್ಲ. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು. ಮೇಲೆ ಬಿಳಿಯ ಬಟ್ಟೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕಲಶ, ಅದರ ಪಕ್ಕದಲ್ಲಿ ಪಟ್ಟದ ಗೊಂಬೆಗಳು, ಅಂದರೆ ರಾಜ ಮತ್ತು ರಾಣಿ. ಅವರ ಕೆಳಗೆ ದಶಾವತಾರ, ರಾಮನ ಪಟ್ಟಾಭಿಷೇಕ, ಅಷ್ಟಲಕ್ಷ್ಮಿಯರು. ಇನ್ನೂ ಕೆಳಗೆ ಜಂಬೂ ಸವಾರಿಯ ಆನೆ, ಬ್ಯಾಂಡಿನವರು, ಸಿಪಾಯಿಗಳು. ತೀರ ಕೆಳಗೆ ಮಾಮೂಲು ಜನರ ಲೋಕ: ಮದುವೆ ಮನೆ, ಹಾವಾಡಿಗ, ತರಕಾರಿಯವಳು, ಶೆಟ್ಟರ ಅಂಗಡಿ. ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟರು ಮತ್ತು ಶೆಟ್ಟಮ್ಮನವರ ಮುಂದೆ ಬೆರಳ ತುದಿಯಷ್ಟು ತಟ್ಟೆಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಮೆಣಸು. ನೆಲದ ಮೇಲೆ ಮರಳು ಹರಡಿ, ವಾರದ ಮುಂಚೆಯೇ ರಾಗಿ, ಸಾಸಿವೆ ಚೆಲ್ಲಿ ಮೊಳಕೆ ಬರಿಸಿದ ಪಾರ್ಕು. ಮುಖ ನೋಡುವ ಕನ್ನಡಿಯೇ ಅದರ ಕೊಳ.

ಇದರಲ್ಲಿ ಪಟ್ಟದ ಗೊಂಬೆಗಳ ಸ್ಥಾನವೇ ಬೇರೆ. ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಟ್ಟು ಕಳಿಸುವ ಜೋಡಿ ಅದು. ಹಳೆಯವು ಹೆಚ್ಚಾಗಿ ರಕ್ತಚಂದನದ ಮರದವು. ಬಣ್ಣವಿಲ್ಲ, ಮುಖದಲ್ಲಿ ಸೂಕ್ಷ್ಮ ಕೆತ್ತನೆಯೂ ಹೆಚ್ಚಿಲ್ಲ. ಸೀರೆ, ಪಂಚೆ, ಪೇಟ, ಮಣಿಸರಗಳನ್ನು ತೊಡಿಸಿದಾಗಲೇ ಅವು ರಾಜ-ರಾಣಿಯಾಗುವುದು. ಪ್ರತಿ ವರ್ಷ ಹೊಸ ಬಟ್ಟೆ ಹೊಲಿಯುವುದು ಮನೆಯ ಹೆಂಗಸರ ಕೆಲಸ. ನಮ್ಮ ಅಜ್ಜಿಯ ಜೋಡಿ 1959ರಲ್ಲಿ ಮೈಸೂರಿನ ಕೃಷ್ಣಮೂರ್ತಿಪುರದ ಮನೆಯಿಂದ ಅವರ ಜೊತೆ ಬಂದದ್ದು. ಮುಂದೆ ಅದು ಯಾರಿಗೆ ಎಂಬ ಮಾತು ಬಂದಾಗಲೆಲ್ಲ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಮದುವೆಯ ಮಾತಿನಿಂದ ತಪ್ಪಿಸಿಕೊಳ್ಳಲು ನಾನು ಗೊಂಬೆಯ ಮಾತನ್ನೂ ತಪ್ಪಿಸುತ್ತ ಬಂದಿದ್ದೇನೆ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಈ ಪದ್ಧತಿ ಕರ್ನಾಟಕದ ಎಲ್ಲ ಕಡೆಯದೂ ಅಲ್ಲ, ಎಲ್ಲ ಮನೆಗಳದೂ ಅಲ್ಲ. ಉತ್ತರ ಕರ್ನಾಟಕದಲ್ಲಿ ನವರಾತ್ರಿ ಎಂದರೆ ಘಟಸ್ಥಾಪನೆ ಮತ್ತು ಬನ್ನಿ ವಿನಿಮಯ. ಮೈಸೂರು ಸೀಮೆಯಲ್ಲಿ ಗೊಂಬೆಗಳು ಬೇರೂರಿದ್ದಕ್ಕೆ ಅರಮನೆಯ ದಸರೆಯ ನಂಟಿದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಉತ್ಸವ ಮುಂದೆ ಮೈಸೂರಿಗೆ ಬಂತು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಇವತ್ತು ಅದನ್ನು ನೋಡಲು ಹೋದವರು ಒಳಹೊಕ್ಕು ಹಾದುಹೋಗುವ ಭಾಗಕ್ಕೆ ಗೊಂಬೆ ತೊಟ್ಟಿ ಎಂದೇ ಹೆಸರು. ದಸರೆಯಲ್ಲಿ ಗೊಂಬೆ ಕೂರಿಸುತ್ತಿದ್ದ ಜಾಗವಾದ್ದರಿಂದ ಆ ಹೆಸರು. ಹತ್ತೊಂಬತ್ತನೇ ಶತಮಾನದ ಮತ್ತು ಇಪ್ಪತ್ತನೇ ಶತಮಾನದ ಆರಂಭದ ಗೊಂಬೆಗಳು ಈಗ ಅಲ್ಲಿ ವರ್ಷವಿಡೀ ಗಾಜಿನ ಹಿಂದೆ ಇವೆ. ಅರಮನೆಯ ಹಬ್ಬದ ಮೂಲೆ ಹೀಗೆ ವಸ್ತುಸಂಗ್ರಹಾಲಯವಾಯಿತು. ಅಪ್ಪ ನಮ್ಮ ಮೇಲಂತಸ್ತಿನಲ್ಲಿ ಮಾಡಹೊರಟದ್ದೂ ಅಳತೆ ಚಿಕ್ಕದಾದ ಅದೇ ಕೆಲಸ.

ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ನಜರ್‌ಬಾದಿನ ತನ್ನ ಗ್ಯಾಲರಿಯಲ್ಲಿ ದಸರೆಯ ಹೊತ್ತಿಗೆ ‘ಬೊಂಬೆ ಮನೆ’ ಪ್ರದರ್ಶನ ಏರ್ಪಡಿಸುತ್ತ ಬಂದಿದೆ. ದೇಶದ ಬೇರೆ ಬೇರೆ ಭಾಗದ ಗೊಂಬೆಗಳು ಅಲ್ಲಿ ನೋಡಲೂ ಸಿಗುತ್ತವೆ, ಕೊಳ್ಳಲೂ ಸಿಗುತ್ತವೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ತೆರೆದ ಗೊಂಬೆ ಸಂಗ್ರಹಾಲಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಗೊಂಬೆಗಳಿವೆ. ಹಂಗೇರಿಯ ರಾಯಭಾರಿ ಕೊಟ್ಟ ಒಂದು ಗೊಂಬೆಯಿಂದ ಶುರುವಾದ ಹುಚ್ಚು ಅದು. ಇವೆಲ್ಲ ಕಾಯಂ ಕಟ್ಟಡವುಳ್ಳ, ನೋಡಿಕೊಳ್ಳಲು ಜನರಿರುವ ಸಂಸ್ಥೆಗಳು. ಮನೆಯ ಮಾತು ಬೇರೆ.

ಯೂರೋಪಿನಲ್ಲಿ ಮನೆಯೊಳಗಿನ ಪ್ರದರ್ಶನಕ್ಕೆ ಮೊದಲಿನಿಂದಲೂ ಬೀರುವಿನ ರೂಪವಿತ್ತು. ಹದಿನೇಳನೇ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲಾ ಊರ್ಟ್‌ಮನ್ ಎಂಬ ಶ್ರೀಮಂತ ಹೆಣ್ಣುಮಗಳು ಒಂದು ದೊಡ್ಡ ಬೀರುವಿನೊಳಗೆ ಅಡುಗೆಮನೆ, ಬಾಣಂತಿಕೋಣೆ ಎಲ್ಲ ಇರುವ ಪುಟ್ಟ ಮನೆಯನ್ನೇ ಕಟ್ಟಿಸಿದಳು. ಅದು ಈಗ ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. 1924ರಲ್ಲಿ ಬ್ರಿಟನ್ನಿನ ರಾಣಿ ಮೇರಿಗಾಗಿ, ದೆಹಲಿಯನ್ನು ರೂಪಿಸಿದ ಅದೇ ಲುಟ್ಯೆನ್ಸ್ ಒಂದಡಿಗೆ ಒಂದಂಗುಲದ ಲೆಕ್ಕದಲ್ಲಿ ಗೊಂಬೆ ಅರಮನೆ ಮಾಡಿಕೊಟ್ಟ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ದೀಪ ಉರಿಯುತ್ತದೆ. ಇವು ಮಕ್ಕಳು ಆಡುವ ಗೊಂಬೆಮನೆಗಳಲ್ಲ, ದೊಡ್ಡವರು ಬಾಗಿಲು ತೆರೆದು ಬಂದವರಿಗೆ ತೋರಿಸಿ ಮತ್ತೆ ಮುಚ್ಚುವ ಆಸ್ತಿ.

ನಮ್ಮ ಪದ್ಧತಿಗೆ ಹತ್ತಿರವಾದದ್ದು ಜಪಾನಿನಲ್ಲಿದೆ. ಅಲ್ಲಿ ಮಾರ್ಚ್ 3 ಹೆಣ್ಣುಮಕ್ಕಳ ಹಬ್ಬ, ಹಿನ ಮತ್ಸುರಿ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಪೂರ್ಣ ಜೋಡಣೆಯಲ್ಲಿ ಏಳು. ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ ಮತ್ತು ಸಾಮ್ರಾಜ್ಞಿ, ಅವರ ಕೆಳಗೆ ಮೂವರು ಸಖಿಯರು, ಅವರ ಕೆಳಗೆ ಐವರು ವಾದ್ಯಗಾರರು. ಹಬ್ಬ ಮುಗಿದ ಕೂಡಲೇ ಗೊಂಬೆಗಳನ್ನು ಎತ್ತಿಡಬೇಕು, ತಡಮಾಡಿದರೆ ಮಗಳ ಮದುವೆ ತಡವಾಗುತ್ತದೆ ಎಂಬ ನಂಬಿಕೆ. ಅಜ್ಜಿಗೆ ಇದನ್ನು ಹೇಳಿದಾಗ ‘ಜಪಾನಿನವರು ಬುದ್ಧಿವಂತರು’ ಎಂದು ಮತ್ತೆ ನನ್ನ ಕಡೆಯೇ ನೋಡಿದರು.

ನಮ್ಮಲ್ಲೂ ಎತ್ತಿಡುವುದು ಒಂದು ವಿಧಿಯೇ. ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮೆಟ್ಟಿಲ ಮೇಲೆಯೇ ಮಲಗಿಸುತ್ತಾರೆ. ಆಮೇಲೆ ಅವು ಟ್ರಂಕು ಸೇರುತ್ತವೆ. ಮಕ್ಕಳಾಗಿದ್ದಾಗ ನನಗೂ ತಮ್ಮನಿಗೂ ಇದು ಅಳು ಬರಿಸುವ ದಿನ. ದೊಡ್ಡವಳಾದ ಮೇಲೆ ತಿಳಿಯಿತು, ಹೀಗೆ ಮಲಗಿಸುವುದರಿಂದಲೇ ಅವು ಇಷ್ಟು ವರ್ಷ ಉಳಿದಿವೆ. ಕತ್ತಲು, ಬಟ್ಟೆಯ ಸುತ್ತು, ಧೂಳಿಲ್ಲದ ಪೆಟ್ಟಿಗೆ, ವರ್ಷಕ್ಕೊಮ್ಮೆ ಗಾಳಿ ಬೆಳಕಿಗೆ ತೆಗೆದು ಪರೀಕ್ಷೆ: ವಸ್ತುಸಂಗ್ರಹಾಲಯದ ಉಗ್ರಾಣಗಳಲ್ಲಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ.

ಹಾಗಿದ್ದರೆ ಅಪ್ಪನಿಗೆ ಕಾಯಂ ಕೋಣೆ ಯಾಕೆ ಬೇಕಾಯಿತು? ಕಾರಣ ಅಟ್ಟ. ವಯಸ್ಸಾದ ಅಪ್ಪನಿಗೆ ಟ್ರಂಕು ಇಳಿಸಲಾಗುವುದಿಲ್ಲ, ತಮ್ಮ ಪುಣೆಯಲ್ಲಿದ್ದಾನೆ. ಒಂದು ವರ್ಷ ಟ್ರಂಕು ಕೈಜಾರಿ ಜಂಬೂ ಸವಾರಿಯ ಆನೆಯ ಸೊಂಡಿಲು ಮುರಿಯಿತು. ಇನ್ನೊಂದು ವರ್ಷ ‘ಯಾರು ಮಾಡ್ತಾರೆ’ ಎಂದು ಬರೀ ಪಟ್ಟದ ಗೊಂಬೆಗಳನ್ನಷ್ಟೇ ಕೂರಿಸಿದೆವು. ಸುತ್ತಮುತ್ತಲ ಕೆಲವು ಮನೆಗಳಲ್ಲಿ ಅಷ್ಟೂ ನಿಂತಿದೆ. ಹಳೆಯ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸುವಾಗ, ಅಪಾರ್ಟ್‌ಮೆಂಟಿಗೆ ಹೋಗುವಾಗ, ಅಟ್ಟವಿಲ್ಲದ ಹೊಸ ಮನೆಯಲ್ಲಿ ಟ್ರಂಕಿಗೆ ಜಾಗವೆಲ್ಲಿ? ಹೀಗೆ ಗೊಂಬೆಗಳು ಮೊದಲು ಬಂಧುಗಳ ಮನೆ ಸೇರುತ್ತವೆ, ಆಮೇಲೆ ಹಂಚಿಹೋಗುತ್ತವೆ. ಅಪ್ಪನ ಭಯ ಅದು.

ಆದರೆ ಕೋಣೆಗೂ ಬೆಲೆಯಿದೆ. 2015ರ ನವೆಂಬರ್ 16ರಂದು ಅತ್ತಿಗುಪ್ಪೆಗೆ ಮೆಟ್ರೊ ಬಂದ ಮೇಲೆ ಮೇಲಂತಸ್ತಿನ ಒಂಟಿ ಕೋಣೆಗೂ ಕೇಳುವವರುಂಟು. ನಮ್ಮದಕ್ಕೆ ತಿಂಗಳಿಗೆ ಆರು ಸಾವಿರ ಬರುತ್ತಿತ್ತು. ನಿವೃತ್ತರ ಮನೆಯಲ್ಲಿ ಅದು ಔಷಧಿಯ ಖರ್ಚು. ವರ್ಷಕ್ಕೆ ಎಪ್ಪತ್ತೆರಡು ಸಾವಿರವನ್ನು ಗೊಂಬೆಗಳಿಗೆ ಬಾಡಿಗೆ ಕಟ್ಟಿದ ಹಾಗೆ ಎಂದು ಅಮ್ಮ ಲೆಕ್ಕ ಹಾಕಿದರು. ಹಾಗೆ ಲೆಕ್ಕ ಹಾಕಿಯೂ ಒಪ್ಪಿದರು ಎನ್ನುವುದೇ ಆಶ್ಚರ್ಯ.

ಕೋಣೆ ಮಾಡಲು ಹೊರಟಾಗಲೇ ನಮಗೆ ನಮ್ಮ ಗೊಂಬೆಗಳ ಪರಿಚಯ ಸರಿಯಾಗಿ ಆದದ್ದು. ಬೀರುವಿನ ಯಾವ ಹಲಗೆಗೆ ಯಾವುದು ಎಂದು ನಿರ್ಧರಿಸಬೇಕಾದರೆ ಅದು ಯಾವುದರಿಂದ ಮಾಡಿದ್ದು ಎಂದು ತಿಳಿದಿರಬೇಕು. ಮರ, ಮಣ್ಣು, ಕಾಗದದ ರಚ್ಚು, ಪ್ಲಾಸ್ಟರ್, ಪಿಂಗಾಣಿ, ಬಟ್ಟೆ. ಪ್ರತಿಯೊಂದಕ್ಕೂ ಬೇರೆ ಬೇರೆ ಶತ್ರು.

ಚನ್ನಪಟ್ಟಣದ ಗೊಂಬೆಗಳನ್ನು ತೆಗೆದುಕೊಳ್ಳಿ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್ ದೂರದ ಆ ಊರಿನವು ನಮ್ಮಲ್ಲಿ ನಲವತ್ತಕ್ಕೂ ಹೆಚ್ಚಿವೆ. ಅವಕ್ಕೆ ಬಳಸುವುದು ಆಲೆ ಮರ: ಬಿಳಿ, ಹಗುರ, ಎಳೆ ನುಣುಪು. ಒಣಗಿಸಿದ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ ಉಳಿಯಿಂದ ರೂಪ ಕೊಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದಾಗ ಆ ಹೊಳಪು. ಬ್ರಷ್ ಇಲ್ಲ, ಒಣಗಿಸುವ ಕಾಯುವಿಕೆ ಇಲ್ಲ. ಈ ಕಸುಬನ್ನು ಟಿಪ್ಪು ಸುಲ್ತಾನನ ಕಾಲದಿಂದ ಗುರುತಿಸುವುದು ವಾಡಿಕೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ರೀತಿಗಳನ್ನು ಇಲ್ಲಿಗೆ ತಂದ ಬಾವಾಸ್ ಮಿಯಾ ಅವರನ್ನು ಊರು ಇಂದಿಗೂ ನೆನೆಯುತ್ತದೆ.

ಅರಗಿನ ಸ್ವಭಾವ ನಮಗೆ ಗೊತ್ತಾದದ್ದು 2020ರಲ್ಲಿ, ನಷ್ಟದ ಮೂಲಕ. ಕೊರೊನಾ ಕಾಲ. ಎಲ್ಲದಕ್ಕೂ ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದ ದಿನಗಳು. ಆ ದಸರೆಯಲ್ಲಿ ಅಮ್ಮ ಚನ್ನಪಟ್ಟಣದ ಬ್ಯಾಂಡ್ ಸೆಟ್ಟನ್ನೂ ಒರೆಸಿದರು. ಬಟ್ಟೆಗೆ ಕೆಂಪು, ಹಳದಿ ಹತ್ತಿತು. ಕೊಳಲು ಹಿಡಿದವನ ಕೋಟಿನ ಹೊಳಪು ಹೋಗಿ ಅಂಟಂಟಾಯಿತು. ಅರಗು ನೀರಿಗೆ ಜಗ್ಗುವುದಿಲ್ಲ, ಆದರೆ ಆಲ್ಕೋಹಾಲಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಎಂದರೆ ಬಹುಪಾಲು ಆಲ್ಕೋಹಾಲೇ. ಬಡಗಿಗಳು ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಪಾಲಿಶ್ ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ನಿಮ್ಮ ಮನೆಯಲ್ಲಿ ಚನ್ನಪಟ್ಟಣದ ಗೊಂಬೆಯಿದ್ದರೆ ಒಣ ಮೆತ್ತನೆಯ ಬಟ್ಟೆ ಸಾಕು. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಮಾತ್ರ ಇಡಬೇಡಿ.

ಕಿನ್ನಾಳದವು ನಮ್ಮಲ್ಲಿ ಎರಡೇ, ಆದರೆ ಸಂಗ್ರಹದಲ್ಲಿ ಅವುಗಳಿಗೇ ಹೆಚ್ಚು ಉಪಚಾರ ಬೇಕು. ಕೊಪ್ಪಳ ಜಿಲ್ಲೆಯ ಈ ಊರಿನ ಚಿತ್ರಗಾರ ಮನೆತನದವರು ಹಗುರ ಮರವನ್ನು ಬಿಡಿ ಬಿಡಿ ಭಾಗಗಳಾಗಿ ಕೆತ್ತಿ ಜೋಡಿಸುತ್ತಾರೆ. ಕೀಲುಗಳ ಮೇಲೆ ಸೆಣಬಿನ ಚಿಂದಿ, ಮರದ ಪುಡಿ, ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ಲೇಪ. ಅದರ ಮೇಲೆ ಬಿಳಿಯ ಪದರ, ಆಮೇಲೆ ಬಣ್ಣ. ಹುಣಸೆ ಬೀಜದ ಅಂಟು ಹುಳುಗಳಿಗೆ ಹಬ್ಬದೂಟ. ತೇವ ಹೆಚ್ಚಾದರೆ ಮರ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಮೇಲಿನ ಬಿಳಿಯ ಪದರ ಮಾತ್ರ ಹಾಗೆ ಹಿಗ್ಗಿ ಕುಗ್ಗಲಾರದೆ ಬಿರುಕು ಬಿಟ್ಟು ಉದುರುತ್ತದೆ. ನಮ್ಮ ಗರುಡನ ರೆಕ್ಕೆಯ ಅಂಚು ಹಾಗೆಯೇ ಹೋದದ್ದು. ಚನ್ನಪಟ್ಟಣ, ಕಿನ್ನಾಳ ಎರಡಕ್ಕೂ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರಿಂದ ಹೆಸರಿಗೆ ರಕ್ಷಣೆ ಸಿಕ್ಕಿತು, ಗರುಡನ ರೆಕ್ಕೆಗೆ ಸಿಗಲಿಲ್ಲ.

ಎಲ್ಲಕ್ಕಿಂತ ಅಚ್ಚರಿ ತಂದದ್ದು ಅಜ್ಜಿಯ ‘ಜಪಾನ್ ಪಾಪು’. ಗೇಣುದ್ದದ, ತೆಳ್ಳನೆಯ, ಗುಲಾಬಿ ಬಣ್ಣದ ಟೊಳ್ಳು ಮಗು. ಟ್ರಂಕು ತೆಗೆದಾಗಲೆಲ್ಲ ಅದರಿಂದ ಕರ್ಪೂರದ ವಾಸನೆ ಬರುತ್ತಿತ್ತು. ಆರತಿಯ ಕರ್ಪೂರ ತಾಗಿದೆ ಎಂದು ನಾವೆಲ್ಲ ನಂಬಿದ್ದೆವು. ಅದು ಸೆಲ್ಯುಲಾಯ್ಡ್, ಆ ವಸ್ತುವನ್ನು ತಯಾರಿಸುವಾಗಲೇ ಕರ್ಪೂರ ಬೆರೆಸುತ್ತಾರೆ. ಹಳೆಯ ಸಿನಿಮಾ ರೀಲುಗಳಂತೆ ಬೇಗ ಬೆಂಕಿ ಹಿಡಿಯುವ ಗುಣ ಅದಕ್ಕೆ. ಹಳೆಯದಾಗುತ್ತ ಆಮ್ಲದ ಅಂಶವಿರುವ ಆವಿ ಬಿಡುತ್ತದೆ, ಅದು ಅಕ್ಕಪಕ್ಕದ ಲೋಹ, ಬಟ್ಟೆಗಳನ್ನೂ ಕೆಡಿಸುತ್ತದೆ. ಅರವತ್ತು ವರ್ಷ ಇಂಥ ವಸ್ತುವನ್ನು ಎಣ್ಣೆದೀಪದ ಹತ್ತಿರದ ಮೆಟ್ಟಿಲಲ್ಲಿ ಕೂರಿಸಿದ್ದೆವು! ಗಾಳಿಯಾಡದ ಗಾಜಿನ ಬೀರು ಅದಕ್ಕೆ ಒಳ್ಳೆಯದಲ್ಲ. ಈಗ ಅದೊಂದೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಮುಚ್ಚಳಕ್ಕೆ ತೂತು ಮಾಡಿಸಿಕೊಂಡು, ದೀಪದಿಂದ ದೂರ ಇದೆ.

ಉಳಿದವುಗಳ ವಿಷಯ ಬೇಗ ಹೇಳಿಬಿಡಬಹುದು. ಸುಡದ ಮಣ್ಣಿನ ಮತ್ತು ಪ್ಲಾಸ್ಟರಿನ ಗೊಂಬೆಗಳಿಗೆ ಒದ್ದೆ ಬಟ್ಟೆ ಸೋಕಿಸಬಾರದು, ಬಣ್ಣ ಏಳುತ್ತದೆ. ಮರಕ್ಕೆ ಕುಟ್ಟೆ ಹಿಡಿದರೆ ಬುಡದಲ್ಲಿ ಹಿಟ್ಟಿನಂಥ ಪುಡಿ ಕಾಣುತ್ತದೆ. ಕಂಡ ದಿನವೇ ಅದನ್ನು ಬೇರೆ ಇಡಬೇಕು. ನುಸಿ ಗುಳಿಗೆ ಬಟ್ಟೆಗೆ ಸರಿ, ಕೆಲವು ಬಗೆಯ ಪ್ಲಾಸ್ಟಿಕ್ಕಿಗೆ ತಾಗಿದರೆ ಅದನ್ನು ಮೆತ್ತಗಾಗಿಸುತ್ತದೆ. ಸುತ್ತಲು ವೃತ್ತಪತ್ರಿಕೆ ಬೇಡ: ಮಸಿ ಹತ್ತುತ್ತದೆ, ಕಾಗದ ಹಳದಿಯಾಗುತ್ತ ಬಟ್ಟೆಗೂ ಕಲೆ ಬಿಡುತ್ತದೆ. ಪತ್ರಿಕೆಯವಳಾಗಿ ಇದನ್ನು ಬರೆಯಲು ಸ್ವಲ್ಪ ಸಂಕೋಚವೇ. ಒಗೆದು ಒಗೆದು ಮೆತ್ತಗಾದ ಹತ್ತಿಯ ಪಂಚೆಯೇ ಮೇಲು.

ಬೆಳಕಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಅಂಗಡಿಯಲ್ಲಿ ಬೀರು ತೋರಿಸಿದವರು ಒಳಗೆ ಸಾಲಾಗಿ ದೀಪ ಹಾಕಿಸಲು ಒತ್ತಾಯಿಸಿದರು. ನೋಡಲು ಚೆನ್ನ. ಆದರೆ ಬೆಳಕು ಬಣ್ಣವನ್ನು ತಿನ್ನುತ್ತದೆ, ಮತ್ತು ತಿಂದದ್ದನ್ನು ಹಿಂದಿರುಗಿಸುವುದಿಲ್ಲ. ಬಟ್ಟೆ, ಕಾಗದದ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಅನುಸರಿಸುವ ಮಿತಿ ಸುಮಾರು 50 ಲಕ್ಸ್. ಸಂಜೆ ಮನೆಯೊಳಗೆ ಓದಲು ಹಾಕಿಕೊಳ್ಳುವ ದೀಪ ಅದಕ್ಕಿಂತ ಹಲವು ಪಟ್ಟು ಪ್ರಖರ. ಅಷ್ಟಾಗಿಯೂ ಲೆಕ್ಕಕ್ಕೆ ಬರುವುದು ಪ್ರಖರತೆಯೊಂದೇ ಅಲ್ಲ, ಒಟ್ಟು ಎಷ್ಟು ಹೊತ್ತು ಬೆಳಕು ಬಿತ್ತು ಎಂಬುದು. ವರ್ಷಕ್ಕೆ ಹತ್ತು ದಿನ ಬೆಳಕಿಗೆ ಬರುವ ಗೊಂಬೆಯ ಸೀರೆ ನೂರು ವರ್ಷದಲ್ಲಿ ಕಾಣುವ ಬೆಳಕು ಸಾವಿರ ದಿನದ್ದು. ಬೀರುವಿನಲ್ಲಿ ಕೂತದ್ದು ಮೂರು ವರ್ಷ ತುಂಬುವ ಮೊದಲೇ ಅಷ್ಟನ್ನು ಕಂಡಿರುತ್ತದೆ. ಅಜ್ಜಿಯ ಪ್ರಶ್ನೆಯ ಹಿಂದೆ ಇಷ್ಟು ಲೆಕ್ಕ ಇತ್ತೋ ಇಲ್ಲವೋ, ಉತ್ತರ ಅವರ ಕಡೆಗೇ ವಾಲಿತು. ದೀಪ ಹಾಕಿಸಲಿಲ್ಲ. ಕಿಟಕಿಗೆ ದಪ್ಪ ಪರದೆ, ಬೀರುವಿಗೆ ಒಳಗಿನಿಂದ ಎಳೆಯುವ ಬಟ್ಟೆ ಬಂತು.

ಬೀರು ಬಂದು ನಿಂತ ಮೇಲೆ ಗೊತ್ತಾದ ಇನ್ನೊಂದು ಸಂಗತಿ ಇದೆ. ಮೆಟ್ಟಿಲಿಗೂ ಹಲಗೆಗೂ ಬಹಳ ವ್ಯತ್ಯಾಸ. ಮೆಟ್ಟಿಲುಗಳು ಹಿಂದಕ್ಕೆ ಸರಿಯುತ್ತ ಏರುತ್ತವೆ. ಚಾಪೆಯ ಮೇಲೆ ಕೂತು ನೋಡುವವರಿಗೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ, ತಲೆ ಎತ್ತುತ್ತ ಹೋದರೆ ಅಂಗಡಿಯಿಂದ ದೇವರವರೆಗೆ, ಅಲ್ಲಿಂದ ರಾಜ-ರಾಣಿಯವರೆಗೆ ದಾರಿ ತಾನಾಗಿ ಆಗುತ್ತದೆ. ಬೀರುವಿನ ಹಲಗೆಗಳು ಒಂದರ ಮೇಲೊಂದು ನೇರ ನಿಂತಿವೆ; ನೋಡುವವರೂ ನಿಂತೇ ನೋಡಬೇಕು, ಕೆಳಗಿನ ಹಲಗೆಗೆ ಬಗ್ಗಬೇಕು. ಮೇಲಿನ ಹಲಗೆಯಲ್ಲಿಟ್ಟ ಪಟ್ಟದ ಗೊಂಬೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕಣ್ಣೆತ್ತರದಲ್ಲಿಟ್ಟರೆ ಅದರ ತಲೆಯ ಮೇಲೆ ಹಾವಾಡಿಗ ಬರುತ್ತಾನೆ. ಆರತಿ ಎತ್ತಿದರೆ ಗಾಜಿನಲ್ಲಿ ಕಾಣುವುದು ಆರತಿಯ ಜ್ವಾಲೆ, ಆಮೇಲೆ ನಮ್ಮದೇ ಮುಖ.

ಅದಕ್ಕಿಂತ ದೊಡ್ಡ ತೊಡಕು ಹದಿನೆಂಟು ಮೆಟ್ಟಿಲು. ಗೊಂಬೆಯವಲ್ಲ, ಮನೆಯವು. ಎಂಬತ್ತನಾಲ್ಕು ವರ್ಷದ ಅಜ್ಜಿಯ ಮಂಡಿ ಅಷ್ಟು ಹತ್ತುವುದಿಲ್ಲ. ಯಾರ ಗೊಂಬೆಗಳೋ ಅವರೇ ನೋಡಲಾಗದ ಜಾಗದಲ್ಲಿ ನಾವು ಗೊಂಬೆಗಳ ಕೋಣೆ ಮಾಡಿದ್ದೆವು. ಬೀರುವಿನ ಅಳತೆ, ಬಣ್ಣ, ಬೆಳಕು ಎಲ್ಲದರ ಚರ್ಚೆ ನಡೆದ ಮನೆಯಲ್ಲಿ ಇದು ಹೊಳೆದದ್ದು ಕೊನೆಗೆ. ಅದೂ ಅಜ್ಜಿ ಹೇಳಿದ್ದಲ್ಲ. ಕೆಲಸ ಮುಗಿದ ಸಂಜೆ ಅಪ್ಪ ‘ಬಾಮ್ಮ, ನೋಡು ಬಾ’ ಎಂದು ಕರೆದಾಗ ಅವರು ಮೆಟ್ಟಿಲ ಬುಡದಲ್ಲಿ ಕಂಬಿ ಹಿಡಿದು ನಿಂತು, ಮೇಲೆ ನೋಡಿ, ‘ನೀವೇ ನೋಡಿಕೊಂಡು ಬನ್ನಿ’ ಎಂದರು.

ಆಮೇಲೆ ನಡೆದದ್ದನ್ನು ರಾಜಿ ಎನ್ನಬಹುದು. ಮೇಲಿನ ಕೋಣೆ ಉಳಿಯಿತು, ಆದರೆ ಪ್ರದರ್ಶನಕ್ಕಿಂತ ಹೆಚ್ಚಾಗಿ ಉಗ್ರಾಣವಾಗಿ. ಪರದೆ ಎಳೆದ ಬೀರು, ಹಲಗೆಯ ಮೇಲೆ ಹತ್ತಿಯ ಬಟ್ಟೆ, ಅದರ ಮೇಲೆ ಗೊಂಬೆಗಳು. ಗಾಜಿನ ಹಲಗೆಯ ಮೇಲೆ ಬರೀ ಗೊಂಬೆ ಇಟ್ಟರೆ ರಸ್ತೆಯ ಲಾರಿಗಳ ಅದುರಿಗೆ ಅದು ತಿಂಗಳಿಗಿಷ್ಟು ಸರಿಯುತ್ತದೆ ಎಂದು ಕಂಡ ಮೇಲೆ ಹಾಕಿದ ಬಟ್ಟೆ ಅದು. ಟ್ರಂಕು ಎತ್ತುವ ಕಷ್ಟ ತಪ್ಪಿತು. ಬುಟ್ಟಿಯಲ್ಲಿ ನಾಲ್ಕು ನಾಲ್ಕಾಗಿ ಯಾರಾದರೂ ಇಳಿಸಬಹುದು. ನವರಾತ್ರಿಗೆ ಹಜಾರದಲ್ಲೇ ಮೆಟ್ಟಿಲು. ಒಂಬತ್ತರ ಬದಲು ಐದು, ಮಡಿಚಿ ಇಡಬಹುದಾದ ಉಕ್ಕಿನದು. ಎಲ್ಲ ಗೊಂಬೆಗಳಿಗೂ ಜಾಗವಿಲ್ಲವಾದ್ದರಿಂದ ವರ್ಷಕ್ಕೆ ಅರ್ಧದಂತೆ ಸರದಿ. ಪಟ್ಟದ ಗೊಂಬೆಗಳು ಮಾತ್ರ ಮೇಲೆ ಹೋಗಲೇ ಇಲ್ಲ. ಅವು ಅಜ್ಜಿಯ ಮಂಚದ ಕೆಳಗಿನ ಚಿಕ್ಕ ಟ್ರಂಕಿನಲ್ಲಿವೆ.

ಕೋಣೆಯಿಂದ ಆದ ನಿಜವಾದ ಲಾಭ ಬೇರೆಯೇ. ಯಾವುದು ಎಲ್ಲಿಂದ ಬಂತು ಎಂಬುದು ಅಜ್ಜಿಯ ತಲೆಯಲ್ಲಿ ಮಾತ್ರ ಇತ್ತು. ಇಳಿಸುವ ಮೊದಲು ಒಂದೊಂದರ ಫೋಟೊ ತೆಗೆದು, ನಂಬರು ಕೊಟ್ಟು, ಸಂಜೆ ಹೊತ್ತು ಅಜ್ಜಿಯ ಪಕ್ಕ ಕೂತು ಕೇಳಿ ಬರೆದುಕೊಂಡೆ. ಗೊಂಬೆಯ ಮೇಲೆ ಅಂಟು ಚೀಟಿ ಹಚ್ಚಬಾರದು. ದಾರ ಕಟ್ಟಿದ ಚಿಕ್ಕ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಂಬರು, ವಿವರವೆಲ್ಲ ನೋಟ್ ಪುಸ್ತಕದಲ್ಲಿ. ನಾಲ್ಕನೆಯ ನಂಬರಿನ ತಲೆಯಾಡಿಸುವ ಮುದುಕಿ ತಂಜಾವೂರಿನ ಪ್ರವಾಸದ್ದು. ಮೂವತ್ತೊಂದು, ಅಪ್ಪ ಹುಟ್ಟಿದ ವರ್ಷ ಕೊಂಡ ಕೃಷ್ಣ. ಐವತ್ತೆಂಟು ನೆರೆಮನೆಯವರು ಊರು ಬಿಡುವಾಗ ಕೊಟ್ಟು ಹೋದ ಬುದ್ಧ. ಅವರು ಹಬ್ಬ ಮಾಡುವವರಲ್ಲ, ಆದರೆ ಅವರ ಮಗಳು ಪ್ರತಿ ವರ್ಷ ಬಾಗಿಲಲ್ಲಿ ನಿಂತು ‘ಗೊಂಬೆ ಕೂರಿಸಿದ್ದೀರಾ’ ಎಂದು ಕೇಳಿ ಒಳಗೆ ಬರುತ್ತಿದ್ದಳಂತೆ. ನೂರಾ ಹನ್ನೆರಡರವರೆಗೆ ಬಂದಿದ್ದೇವೆ. ಕೆಲವು ಸಂಜೆ ಅಜ್ಜಿಗೆ ನೆನಪಾಗುವುದಿಲ್ಲ, ಅಂಥ ಕಡೆ ಸಾಲು ಖಾಲಿ ಬಿಟ್ಟಿದ್ದೇನೆ.

ಹೋದ ದಸರೆಗೆ ಗೊಂಬೆ ಬಾಗಿನಕ್ಕೆ ಹದಿನೇಳು ಮಕ್ಕಳು ಬಂದರು. ಒಬ್ಬ ಹುಡುಗ, ಎರಡು ಬೀದಿ ಆಚೆಯ ಅಪಾರ್ಟ್‌ಮೆಂಟಿನವನು, ಶೆಟ್ಟರ ಅಂಗಡಿಯ ಮುಂದೆ ಬಹಳ ಹೊತ್ತು ಕೂತಿದ್ದ. ಕೋಡುಬಳೆ ಕೊಟ್ಟ ಮೇಲೂ ಏಳಲಿಲ್ಲ. ಕೊನೆಗೆ ಅಜ್ಜಿಯನ್ನು ಕೇಳಿದ: ‘ಅಜ್ಜಿ, ಇವ್ರ ಅಂಗಡೀಲಿ ಅಕ್ಕಿ ಕಮ್ಮಿಯಾಗಿದೆ, ನಮ್ಮನೆಯಿಂದ ತರ್ಲಾ?’

ಮಾರನೆಯ ದಿನ ಅಂಗೈ ಮುಚ್ಚಿಕೊಂಡು ತಂದ ಅಕ್ಕಿ ತಟ್ಟೆಗಿಂತ ಹೆಚ್ಚಾಗಿತ್ತು. ಉಳಿದದ್ದನ್ನು ಅಜ್ಜಿ ಪಟ್ಟದ ಗೊಂಬೆಯ ಕಲಶಕ್ಕೆ ಹಾಕಿಸಿದರು.